ಹಗಲು ನಿದ್ದೆಯಲ್ಲಿ ಹಾರ್ಮೋನುಗಳು ಏರುವುದಿಲ್ಲವೇ?

ಪ್ರಶ್ನೆ: ನನಗೆ 36 ವರ್ಷ. ಮೂಡುಬಿದಿರೆಯ ಕಡೆಯವನು, ತೆಂಕುತಿಟ್ಟಿನ ಯಕ್ಷಗಾನ ಮೇಳವೊಂದರಲ್ಲಿ ಮದ್ದಳೆಗಾರ. ತಿರುಗಾಟ ಶುರುವಾದರೆ ಅದು ಮುಗಿಯುವ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಬೆಳಗಿನವರೆಗೆ ಆಟ. ಮನೆಗೆ ಬಂದು ಎಂಟು ಗಂಟೆಗೆ ಮಲಗಿದರೆ ಹನ್ನೆರಡಕ್ಕೆ ತಾನಾಗಿ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಈಚೆಗೆ ಆಯಾಸ ಹೆಚ್ಚಾಗಿದೆ, ದಾಂಪತ್ಯದಲ್ಲೂ ಆಸಕ್ತಿ ಕುಗ್ಗಿದೆ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿಲ್ಲ. ಆಟ ಮುಗಿಸಿ ಬಂದ ಒಂದು ಬೆಳಿಗ್ಗೆ ಏಳು ಗಂಟೆಗೆ ಕೊಟ್ಟ ರಕ್ತದಲ್ಲಿ ಥೈರಾಯ್ಡಿಗೆ ಸಂಬಂಧಿಸಿದ ಟಿಎಸ್‌ಎಚ್ 5.4 ಬಂತು. ಇನ್ನೊಂದು ದಿನ ಸಂಜೆ ಐದಕ್ಕೆ ಕೊಟ್ಟ ರಕ್ತದಲ್ಲಿ ಟೆಸ್ಟೋಸ್ಟಿರೋನ್ 258 ಬಂತು. ‘ಗಂಡಸರ ಹಾರ್ಮೋನು ತಯಾರಾಗುವುದು ರಾತ್ರಿಯ ನಿದ್ದೆಯಲ್ಲಿ ಮಾತ್ರ, ನಿನಗೆ ಇಂಜೆಕ್ಷನ್ ಇಲ್ಲದೆ ಆಗದು’ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಮ್ಮ ಪರಿಚಯದವರ ಮಾತಿನ ಮೊದಲರ್ಧ ಸರಿಯಲ್ಲ, ಎರಡನೆಯ ಅರ್ಧವಂತೂ ನಿಮ್ಮ ಮಟ್ಟಿಗೆ ಹಾನಿಕರ. ಟೆಸ್ಟೋಸ್ಟಿರೋನ್ ಏರುವುದಕ್ಕೆ ರಾತ್ರಿಯೇ ಆಗಬೇಕೆಂದಿಲ್ಲ, ನಿದ್ದೆ ಬೇಕು. ಆ ನಿದ್ದೆ ಸಾಕಷ್ಟು ಉದ್ದವಾಗಿಯೂ ಕಡಿಯದೆಯೂ ಇರಬೇಕು. ನಿಮಗೆ ಸಿಗುತ್ತಿರುವ ನಾಲ್ಕು ಗಂಟೆಯ ಹಗಲು ನಿದ್ದೆ ಅದಕ್ಕೆ ಸಾಲದು ಎಂಬುದು ನಿಮ್ಮ ಪತ್ರದಲ್ಲಿ ನನಗೆ ಕಾಣುವ ಮುಖ್ಯ ಸಂಗತಿ. ಎರಡೂ ವರದಿಗಳನ್ನು ರಕ್ತ ತೆಗೆದ ಹೊತ್ತಿನ ಜೊತೆಗೆ, ಅದಕ್ಕೂ ಮೊದಲು ನೀವು ಎಷ್ಟು ಮಲಗಿದ್ದಿರಿ ಎಂಬುದರ ಜೊತೆಗೆ ಇಟ್ಟು ಓದಿದರೆ ಅವು ನಿಮ್ಮಲ್ಲಿ ಹುಟ್ಟಿಸಿರುವಷ್ಟು ಭಯಕ್ಕೆ ಕಾರಣವಿಲ್ಲ. ಆದರೆ ಇದು ಎರಡು ಸಾಲಿನ ಸಮಾಧಾನದಲ್ಲಿ ಮುಗಿಯುವ ವಿಷಯವಲ್ಲ. ಮೇಳದವರಷ್ಟೇ ಅಲ್ಲ, ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನವರು, ಕಾರ್ಖಾನೆ ಮತ್ತು ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಹೀಗೆ ನಮ್ಮ ಕರಾವಳಿಯಲ್ಲಿ ಹಗಲು ಮಲಗಿ ಬದುಕುವವರು ಅನೇಕರಿದ್ದಾರೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಆರೋಗ್ಯವಂತ ಗಂಡಸಿನ ರಕ್ತದಲ್ಲಿ ಹಾರ್ಮೋನುಗಳ ಮಟ್ಟ ದಿನದ ಇಪ್ಪತ್ನಾಲ್ಕು ಗಂಟೆಯೂ ಒಂದೇ ಸಮನೆ ಇರುವುದಿಲ್ಲ. ಆ ಏರಿಳಿತವನ್ನು ನಡೆಸುವ ಶಕ್ತಿಗಳು ಮುಖ್ಯವಾಗಿ ಎರಡು. ಒಂದು, ಮೆದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ ಇರುವ ಸುಮಾರು 20,000 ನರಕೋಶಗಳ ಗುಂಪು. ಇದು ದೇಹದ ಒಳಗಡಿಯಾರ, ಬೆಳಕನ್ನು ನೋಡಿ ದಿನವೂ ತನ್ನ ಹೊತ್ತನ್ನು ಸರಿಪಡಿಸಿಕೊಳ್ಳುತ್ತದೆ. ಇನ್ನೊಂದು ನಿದ್ದೆಯೇ. ಕೆಲವು ಹಾರ್ಮೋನುಗಳು ಗಡಿಯಾರದ ಮಾತು ಕೇಳುತ್ತವೆ, ಕೆಲವು ನಿದ್ದೆಯ ಮಾತು ಕೇಳುತ್ತವೆ, ಕೆಲವು ಎರಡರ ನಡುವೆ ಹಂಚಿಹೋಗಿವೆ. ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುವವನಲ್ಲಿ ಗಡಿಯಾರವೂ ನಿದ್ದೆಯೂ ಜೊತೆಯಾಗಿ ನಡೆಯುವುದರಿಂದ ಯಾವುದರಿಂದ ಏನಾಯಿತೆಂದು ಬಿಡಿಸಿ ಹೇಳುವುದು ಕಷ್ಟ. ನಿಮ್ಮಲ್ಲಿ ತಿರುಗಾಟದ ಆರು ತಿಂಗಳು ಅವೆರಡೂ ಬೇರೆಬೇರೆ ದಾರಿ ಹಿಡಿದಿವೆ.

ಇವನ್ನು ಬೇರ್ಪಡಿಸಿ ನೋಡಲು ಸಂಶೋಧಕರು ಕಂಡುಕೊಂಡ ಕ್ರಮವನ್ನು ಇಲ್ಲಿ ಹೇಳಬೇಕು. ಆರೋಗ್ಯವಂತ ಸ್ವಯಂಸೇವಕನ ಮುಂಗೈಯ ರಕ್ತನಾಳಕ್ಕೆ ತೆಳುವಾದ ನಳಿಕೆಯೊಂದನ್ನು ಸೇರಿಸಿ, ಅದಕ್ಕೆ ಜೋಡಿಸಿದ ಉದ್ದನೆಯ ಕೊಳವೆಯನ್ನು ಗೋಡೆಯ ತೂತಿನ ಮೂಲಕ ಪಕ್ಕದ ಕೋಣೆಗೆ ಹಾಯಿಸುತ್ತಾರೆ. ತಲೆಗೆ ಅಂಟಿಸಿದ ತಂತಿಗಳು ಮೆದುಳಿನ ಅಲೆಗಳನ್ನು ದಾಖಲಿಸುತ್ತಿರುತ್ತವೆ. ಆತ ನಿದ್ದೆಯಲ್ಲಿರುವಾಗಲೇ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಪಕ್ಕದ ಕೋಣೆಯಿಂದ, ಅವನಿಗೆ ಎಚ್ಚರವಾಗದ ಹಾಗೆ, ರಕ್ತ ತೆಗೆಯುತ್ತಾರೆ. ಬಳಿಕ ಅವನನ್ನು ರಾತ್ರಿಯಿಡೀ ಎಚ್ಚರವಿರಿಸಿ ಹಗಲು ಮಲಗಿಸಿ, ಯಾವ ಹಾರ್ಮೋನಿನ ಏರು ನಿದ್ದೆಯ ಹಿಂದೆ ಹೋಯಿತು, ಯಾವುದು ತನ್ನ ಹಳೆಯ ಹೊತ್ತಿಗೇ ಉಳಿಯಿತು ಎಂದು ಹೋಲಿಸುತ್ತಾರೆ. ಮುಂದೆ ನಾನು ಹೇಳುವ ಬಹಳಷ್ಟು ಸಂಗತಿಗಳು ಇಂಥ ಅಧ್ಯಯನಗಳಿಂದ ಬಂದವು.

ನಿದ್ದೆಯ ಮಾತನ್ನು ಅತ್ಯಂತ ನಿಷ್ಠೆಯಿಂದ ಕೇಳುವುದು ಬೆಳವಣಿಗೆಯ ಹಾರ್ಮೋನು. ಹೆಸರು ಹಾಗಿದ್ದರೂ ಇದು ಮಕ್ಕಳಿಗೆ ಮಾತ್ರ ಬೇಕಾದದ್ದಲ್ಲ. ದೊಡ್ಡವರಲ್ಲಿ ಸ್ನಾಯುಗಳ ಪ್ರೋಟೀನು ಉಳಿಸುವುದು, ಕೊಬ್ಬನ್ನು ಕರಗಿಸುವುದು, ಮೂಳೆಯ ಬಲ ಕಾಯುವುದು ಇದರ ಕೆಲಸಗಳಲ್ಲಿ ಸೇರಿವೆ. ನಿದ್ದೆ ಹತ್ತಿದ ಮೊದಲ ಒಂದೂವರೆ ಗಂಟೆಯೊಳಗೆ, ಮೆದುಳಿನ ಅಲೆಗಳು ನಿಧಾನವೂ ದೊಡ್ಡವೂ ಆಗುವ ಗಾಢ ನಿದ್ದೆಯ ಹಂತದಲ್ಲಿ, ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಇದು ಒಮ್ಮೆಲೇ ದೊಡ್ಡ ಪ್ರಮಾಣದಲ್ಲಿ ಹೊರಬೀಳುತ್ತದೆ ಎಂಬುದು 1968ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪಷ್ಟವಾಯಿತು. ಮಲಗುವುದನ್ನು ಕೆಲವು ಗಂಟೆ ಮುಂದಕ್ಕೆ ಹಾಕಿದರೆ ಈ ಏರೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಹೆಂಗಸರಲ್ಲಿ ಹಗಲೂ ಹಲವು ಬಾರಿ ಇದು ಸ್ರವಿಸುತ್ತದೆ. ಗಂಡಸರಲ್ಲಾದರೋ ದಿನದ ಒಟ್ಟು ಸ್ರಾವದ ಮೂರನೆಯ ಎರಡು ಪಾಲಿನಷ್ಟು ನಿದ್ದೆಯ ಈ ಮೊದಲ ಭಾಗದಲ್ಲೇ ಆಗುತ್ತದೆ. ಆದ್ದರಿಂದ ಗಾಢ ನಿದ್ದೆ ಕಳೆದುಕೊಂಡಾಗ ಈ ಹಾರ್ಮೋನಿನ ಮಟ್ಟಿಗೆ ಹೆಚ್ಚು ನಷ್ಟವಾಗುವುದು ಗಂಡಸಿಗೆ.

ವಯಸ್ಸಿನ ಸಂಗತಿಯೂ ಇಲ್ಲಿಯೇ ಬರುತ್ತದೆ. ಶಿಕಾಗೋ ವಿಶ್ವವಿದ್ಯಾಲಯದ ಈವ್ ವಾನ್ ಕಾಟರ್ ಮತ್ತು ಸಂಗಡಿಗರು 16ರಿಂದ 83 ವರ್ಷದೊಳಗಿನ 149 ಆರೋಗ್ಯವಂತ ಪುರುಷರ ನಿದ್ದೆಯನ್ನೂ ಹಾರ್ಮೋನುಗಳನ್ನೂ ಒಟ್ಟಿಗೆ ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಪ್ಪತ್ತೈದರೊಳಗಿನವರ ನಿದ್ದೆಯಲ್ಲಿ ಶೇ. 18.9ರಷ್ಟಿದ್ದ ಗಾಢ ನಿದ್ದೆಯ ಪಾಲು 36ರಿಂದ 50ರ ವಯಸ್ಸಿನವರಲ್ಲಿ ಶೇ. 3.4ಕ್ಕೆ ಇಳಿದಿತ್ತು. ಅದರ ಜೊತೆಗೇ ಬೆಳವಣಿಗೆಯ ಹಾರ್ಮೋನೂ ಇಳಿದಿತ್ತು. ನೀವು ಈಗ ಆ ವಯಸ್ಸಿನ ಹೊಸ್ತಿಲಲ್ಲಿದ್ದೀರಿ. ಇಪ್ಪತ್ತೆರಡರಲ್ಲಿ ವೇಷ ಕಟ್ಟುವ ಚೌಕಿಯ ಪೆಟ್ಟಿಗೆಯ ಮೇಲೆ ತಲೆಯಿಟ್ಟರೂ ಬರುತ್ತಿದ್ದ ನಿದ್ದೆ ಈಗ ಬರುವುದಿಲ್ಲವೆಂದರೆ, ಇದು ದೇಹದ ಸಹಜ ಬದಲಾವಣೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ನಿದ್ದೆಗೆ ಹೆಚ್ಚಿನ ಸಮಯವನ್ನೂ ಹೆಚ್ಚಿನ ಶಾಂತಿಯನ್ನೂ ಒದಗಿಸಬೇಕಾಗುತ್ತದೆ.

ಈಗ ನಿಮ್ಮ ಪ್ರಶ್ನೆಯ ಕೇಂದ್ರವಾದ ಟೆಸ್ಟೋಸ್ಟಿರೋನ್. ಇದನ್ನು ತಯಾರಿಸುವುದು ವೃಷಣಗಳು. ತಯಾರಿಸಲು ಆಜ್ಞೆ ಕೊಡುವುದು ಪಿಟ್ಯುಟರಿಯಿಂದ ಬರುವ ಎಲ್‌ಎಚ್ ಎಂಬ ಹಾರ್ಮೋನು. ಅದು ಒಂದೇ ಧಾರೆಯಾಗಿ ಹರಿಯದೆ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಬಿಡಿಬಿಡಿಯಾಗಿ ಬರುತ್ತದೆ. ನಿದ್ದೆಗೂ ಈ ಆಜ್ಞೆಗೂ ಇರುವ ನಂಟು ಬಾಲ್ಯ ಕಳೆಯುವ ಹೊತ್ತಿಗೇ ಆರಂಭವಾಗುತ್ತದೆ. ಪ್ರೌಢಾವಸ್ಥೆಗೆ ಕಾಲಿಡುತ್ತಿರುವ ಹುಡುಗರಲ್ಲಿ ಎಲ್‌ಎಚ್ ಮೊದಲು ಹೆಚ್ಚಾಗುವುದು ನಿದ್ದೆಯಲ್ಲೇ ಎಂಬುದನ್ನು 1972ರಲ್ಲೇ ತೋರಿಸಲಾಗಿದೆ. ವಯಸ್ಕರಲ್ಲಿ ನಿದ್ದೆ ಹತ್ತಿದ ಕೂಡಲೇ ಟೆಸ್ಟೋಸ್ಟಿರೋನ್ ಮೆಲ್ಲನೆ ಏರತೊಡಗಿ, ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ, ಕನಸು ಬೀಳುವ ಮೊದಲ ಹಂತದ ಹೊತ್ತಿಗೆ ಮೇಲಿನ ಮಟ್ಟವನ್ನು ತಲುಪಿ, ಎಚ್ಚರವಾಗುವವರೆಗೂ ಅಲ್ಲೇ ಉಳಿಯುತ್ತದೆ. ಎದ್ದ ಮೇಲೆ ಗಂಟೆಗಳು ಕಳೆದಂತೆ ಇಳಿಯುತ್ತ ಹೋಗುತ್ತದೆ. ಈ ಏರು ಪೂರ್ತಿಯಾಗಲು ಕನಿಷ್ಠ ಮೂರು ಗಂಟೆಯ, ಹಂತಗಳು ಕ್ರಮವಾಗಿ ಬರುವ ನಿದ್ದೆ ಬೇಕು ಎಂಬುದು ಇಸ್ರೇಲಿನ ಲುಬೊಶಿಟ್ಸ್ಕಿ ಮತ್ತು ಸಂಗಡಿಗರ ಅಧ್ಯಯನಗಳಿಂದ ತಿಳಿದುಬಂದಿದೆ. ನಿದ್ದೆಯನ್ನು ಮತ್ತೆಮತ್ತೆ ಕಡಿದಾಗ, ಕನಸಿನ ಹಂತ ಕಾಣಿಸಿಕೊಳ್ಳದವರಲ್ಲಿ ಏರು ಮಂದವಾಗಿತ್ತು.

ಹಗಲು ಮಲಗಿದರೆ ಏನಾಗುತ್ತದೆ? ಸ್ವೀಡನ್ನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಕೇಳಿತು. ಆರೋಗ್ಯವಂತ ಯುವಕರನ್ನು ಒಮ್ಮೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ, ಇನ್ನೊಮ್ಮೆ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಮಲಗಿಸಿದರು. ಎರಡೂ ಸಂದರ್ಭಗಳಲ್ಲಿ ಟೆಸ್ಟೋಸ್ಟಿರೋನ್ ನಿದ್ದೆಯಲ್ಲಿ ಏರಿತು, ಎಚ್ಚರದಲ್ಲಿ ಇಳಿಯಿತು. ರಾತ್ರಿಯಿಡೀ ಮದ್ದಳೆ ನುಡಿಸಿ ಬಂದವನ ವೃಷಣಗಳೂ ಹಗಲು ಎಂಟು ಗಂಟೆ ಚೆನ್ನಾಗಿ ಮಲಗಿದರೆ ತಮ್ಮ ಕೆಲಸ ಮಾಡಬಲ್ಲವು ಎಂದು ನಾನು ಧೈರ್ಯವಾಗಿ ಹೇಳುವುದು ಇದರ ಆಧಾರದ ಮೇಲೆ. ಅಲ್ಲಿ ಎಂಟು ಗಂಟೆಯ ನಿದ್ದೆಗೆ ಅವಕಾಶವಿತ್ತು ಎಂಬುದನ್ನು ಮಾತ್ರ ಮರೆಯಬೇಡಿ.

ನಿದ್ದೆ ಕಡಿಮೆಯಾದರೆ ಆಗುವುದನ್ನು 2011ರಲ್ಲಿ ರೇಚಲ್ ಲೆಪ್ರೂ ಮತ್ತು ವಾನ್ ಕಾಟರ್ ಪ್ರಕಟಿಸಿದರು. ಸರಾಸರಿ 24 ವರ್ಷದ 10 ಆರೋಗ್ಯವಂತ ಯುವಕರಿಗೆ ಎಂಟು ರಾತ್ರಿ ತಲಾ ಐದು ಗಂಟೆ ಮಾತ್ರ ಮಲಗಲು ಬಿಟ್ಟಾಗ ಅವರ ಹಗಲಿನ ಟೆಸ್ಟೋಸ್ಟಿರೋನ್ ಶೇ. 10ರಿಂದ 15ರಷ್ಟು ಇಳಿಯಿತು. ಪ್ರಾಯ ಹೆಚ್ಚಾದಂತೆ ಸಹಜವಾಗಿ ಇಳಿಯುವುದು ವರ್ಷಕ್ಕೆ ಶೇ. 1ರಿಂದ 2ರಷ್ಟು ಎಂಬುದನ್ನು ನೆನೆದರೆ, ಒಂದು ವಾರದ ಅರೆನಿದ್ದೆ ಎಷ್ಟು ವರ್ಷಗಳ ಇಳಿತಕ್ಕೆ ಸಮನಾಯಿತು ಎಂಬುದನ್ನು ಲೆಕ್ಕಹಾಕಬಹುದು. ಆ ಇಳಿತ ಎದ್ದು ಕಂಡದ್ದು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ನಡುವೆ. ನೀವು ರಕ್ತ ಕೊಟ್ಟದ್ದು ಸಂಜೆ ಐದಕ್ಕೆ, ಅದೂ ಎಂಟು ರಾತ್ರಿಯ ಬದಲು ತಿಂಗಳುಗಟ್ಟಲೆ ನಾಲ್ಕೇ ಗಂಟೆ ಮಲಗಿದ ಮೇಲೆ.

ನಾಲ್ಕೇ ಗಂಟೆಗೆ ಯಾಕೆ ಎಚ್ಚರವಾಗುತ್ತದೆ ಎಂಬುದಕ್ಕೆ ಕಾರ್ಟಿಸೋಲ್ ಉತ್ತರ ಕೊಡುತ್ತದೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಈ ಹಾರ್ಮೋನು ಮುಖ್ಯವಾಗಿ ಒಳಗಡಿಯಾರದ ಆಳು. ನಡುರಾತ್ರಿಯ ಆಸುಪಾಸಿನಲ್ಲಿ ಅತ್ಯಂತ ಕಡಿಮೆಯಿದ್ದು, ಎರಡು ಮೂರು ಗಂಟೆಯ ಹೊತ್ತಿಗೆ ಏರಲು ತೊಡಗಿ, ಬೆಳಗ್ಗೆ ಏಳುವ ಸಮಯಕ್ಕೆ ತುದಿ ಮುಟ್ಟುತ್ತದೆ. ಎದ್ದ ಬಳಿಕದ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನೂ ಒಮ್ಮೆ ಮೇಲೇರುತ್ತದೆ. ನಿದ್ದೆಯನ್ನು ಹಗಲಿಗೆ ಸರಿಸಿದರೂ ಕಾರ್ಟಿಸೋಲ್ ಅಷ್ಟು ಸುಲಭವಾಗಿ ಹಿಂಬಾಲಿಸುವುದಿಲ್ಲ, ಮೊದಲ ಕೆಲವು ದಿನಗಳಂತೂ ತನ್ನ ಹಳೆಯ ಹೊತ್ತಿಗೇ ಏರುತ್ತದೆ. ಹಾಗಾಗಿ ನೀವು ಬೆಳಿಗ್ಗೆ ಎಂಟಕ್ಕೆ ಚಾಪೆ ಹಾಕುವ ಹೊತ್ತಿನಲ್ಲಿ ದೇಹದೊಳಗೆ ಏಳುವ ಸಿದ್ಧತೆ ನಡೆದಿರುತ್ತದೆ. ಕಾರ್ಟಿಸೋಲ್ ಮೇಲಿದೆ, ಮೈಯ ಉಷ್ಣತೆ ಏರುತ್ತಿದೆ, ಕತ್ತಲಿನ ಹಾರ್ಮೋನಾದ ಮೆಲಟೋನಿನ್ ಇಳಿದಿದೆ. ರಾತ್ರಿಯ ದಣಿವಿನಿಂದ ನಿದ್ದೆ ಬೇಗ ಹತ್ತಿದರೂ, ಆ ದಣಿವಿನ ಒತ್ತಡ ತುಸು ತಗ್ಗಿದ ಕೂಡಲೇ ಗಡಿಯಾರ ಮೇಲುಗೈ ಪಡೆದು ನಿಮ್ಮನ್ನು ಎಬ್ಬಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕಣ್ಣು ಬಿಡುವುದು ನಿಮ್ಮ ದೌರ್ಬಲ್ಯವಲ್ಲ. ಪಾಳಿ ಕೆಲಸದವರೆಲ್ಲರ ಹಗಲು ನಿದ್ದೆ ರಾತ್ರಿಯ ನಿದ್ದೆಗಿಂತ ಗಿಡ್ಡವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಮೆಲಟೋನಿನ್ ಬಗ್ಗೆ ಸ್ವಲ್ಪದರಲ್ಲೇ ಹೇಳಿ ಮುಗಿಸುತ್ತೇನೆ. ಕತ್ತಲಾದ ಮೇಲೆ, ಮಾಮೂಲು ಮಲಗುವ ಹೊತ್ತಿಗಿಂತ ಸುಮಾರು ಎರಡು ಗಂಟೆ ಮೊದಲು ಏರತೊಡಗುವ ಇದನ್ನು ಪ್ರಖರವಾದ ಬೆಳಕು ಅಡಗಿಸುತ್ತದೆ ಎಂಬುದು 1980ರಲ್ಲಿ ಮನುಷ್ಯರಲ್ಲಿ ಸಾಬೀತಾಯಿತು. ನೀಲಿ ಅಂಶ ಹೆಚ್ಚಿರುವ ಬೆಳಕಿಗೆ ಆ ಶಕ್ತಿ ಹೆಚ್ಚು. ರಂಗಸ್ಥಳದ ಈಗಿನ ಬಿಳಿಯ ಎಲ್‌ಇಡಿ ದೀಪಗಳ ಮುಂದೆ ರಾತ್ರಿಯಿಡೀ ಕುಳಿತು, ಬೆಳಿಗ್ಗೆ ಬಿಸಿಲಿನಲ್ಲಿ ಮನೆಗೆ ಬರುವ ಹಿಮ್ಮೇಳದವರ ಗಡಿಯಾರಕ್ಕೆ ರಾತ್ರಿ ಯಾವುದು, ಹಗಲು ಯಾವುದು ಎಂದು ಖಚಿತವಾಗುವುದೇ ಇಲ್ಲ. ಪೂರ್ತಿ ಈ ಕಡೆಗೂ ಹೊಂದಿಕೊಳ್ಳದೆ, ಪೂರ್ತಿ ಆ ಕಡೆಗೂ ಉಳಿಯದೆ, ನಡುವೆ ಎಲ್ಲೋ ನಿಲ್ಲುತ್ತದೆ.

ಥೈರಾಯ್ಡ್ ಗ್ರಂಥಿಗೆ ಆಜ್ಞೆ ಕೊಡುವ ಟಿಎಸ್‌ಎಚ್‌ನ ನಡೆ ಇವೆಲ್ಲಕ್ಕಿಂತ ಬೇರೆ. ಗಡಿಯಾರ ಅದನ್ನು ಸಂಜೆಯಿಂದಲೇ ಮೇಲೆತ್ತುತ್ತದೆ, ನಿದ್ದೆ ಅದನ್ನು ಕೆಳಗೆ ಒತ್ತುತ್ತದೆ. ಆದ್ದರಿಂದ ಮಾಮೂಲು ಮಲಗುವವರಲ್ಲಿ ಅದು ನಿದ್ದೆಗೆ ಸ್ವಲ್ಪ ಮೊದಲು ಗರಿಷ್ಠಕ್ಕೆ ಬಂದು, ನಿದ್ದೆಯಲ್ಲಿ ಇಳಿಯುತ್ತದೆ. ರಾತ್ರಿ ಮಲಗದೇ ಇದ್ದರೆ ಒತ್ತುವ ಕೈ ಇಲ್ಲದೆ ಅದು ಏರುತ್ತಲೇ ಹೋಗಿ, ಮಲಗಿದ ರಾತ್ರಿಗಳ ಮಟ್ಟದ ಹತ್ತಿರ ಹತ್ತಿರ ಎರಡು ಪಟ್ಟು ಆಗಬಹುದು. ನಿಮ್ಮ 5.4 ಬಂದದ್ದು ಒಂದು ಚಣವೂ ಮಲಗದ ರಾತ್ರಿಯ ಕೊನೆಯಲ್ಲಿ. ಇದನ್ನು ಥೈರಾಯ್ಡ್ ರೋಗವೆಂದು ಹೆಸರಿಟ್ಟು ದಿನಾ ಮಾತ್ರೆ ಶುರುಮಾಡುವುದು ಆತುರದ ಕೆಲಸವಾಗುತ್ತದೆ. ಚೆನ್ನಾಗಿ ನಿದ್ದೆಯಾದ ಬಳಿಕ, ಥೈರಾಯ್ಡ್ ಗ್ರಂಥಿಯದೇ ಹಾರ್ಮೋನಾದ ಟಿ4 ಜೊತೆಗೆ ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಹೆಚ್ಚಿದ್ದರೆ ಮುಂದಿನ ಮಾತು.

ಹೆಂಗಸರಲ್ಲಿ ಎದೆಹಾಲು ಬರಿಸುವ, ಗಂಡಸರಲ್ಲೂ ಇರುವ ಪಿಟ್ಯುಟರಿಯ ಹಾರ್ಮೋನು ಪ್ರೊಲ್ಯಾಕ್ಟಿನ್ ಮಾತ್ರ ಟೆಸ್ಟೋಸ್ಟಿರೋನಿನಂತೆ ನಿದ್ದೆಯ ಬೆನ್ನಿಗೇ ಹೋಗುತ್ತದೆ. ಹಗಲಿನ ಸಣ್ಣ ನಿದ್ದೆಯಲ್ಲೂ ಏರುತ್ತದೆ, ಎದ್ದ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆಸಕ್ತಿ ಕುಗ್ಗಿದೆ ಎಂದು ಹೇಳುವ ಗಂಡಸರಿಗೆ ಈ ಪರೀಕ್ಷೆಯನ್ನೂ ಬರೆದುಕೊಡುವ ಕ್ರಮವಿದೆ. ಮಾಡಿಸುವುದಾದರೆ ಎದ್ದು ಎರಡು ಮೂರು ಗಂಟೆಯಾದ ಮೇಲೆ ರಕ್ತ ಕೊಡಿ, ಹಾಸಿಗೆಯಿಂದ ಎದ್ದವರು ನೇರ ಲ್ಯಾಬಿಗೆ ಹೋಗಬೇಡಿ.

ನೀವು ಕೇಳದೇ ಇದ್ದರೂ ಹಸಿವಿನ ಸಂಗತಿಯನ್ನು ಬಿಡಲಾರೆ, ಯಾಕೆಂದರೆ ಮೇಳದ ಕಲಾವಿದರಲ್ಲಿ ಸಕ್ಕರೆ ಕಾಯಿಲೆಯನ್ನೂ ಹೊಟ್ಟೆಯ ಬೊಜ್ಜನ್ನೂ ನಾನು ಕಾಣುತ್ತಲೇ ಇದ್ದೇನೆ. 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕು ಗಂಟೆ ಮಾತ್ರ ನಿದ್ದೆ ಕೊಟ್ಟು, ಹತ್ತು ಗಂಟೆ ಅವಕಾಶ ಕೊಟ್ಟ ರಾತ್ರಿಗಳ ಜೊತೆ ಹೋಲಿಸಿದಾಗ, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು, ಹಸಿವು ಹುಟ್ಟಿಸುವ ಗ್ರೆಲಿನ್ ಶೇ. 28ರಷ್ಟು ಏರಿತ್ತು. ಇದು 2004ರ ವರದಿ. ಅದಕ್ಕೂ ಮೊದಲು, 1999ರಲ್ಲಿ, 11 ಯುವಕರಿಗೆ ಆರು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟಾಗ ಸಕ್ಕರೆಯನ್ನು ಅರಗಿಸುವ ಶಕ್ತಿ ತಗ್ಗಿದ್ದೂ, ಸಂಜೆಯ ಕಾರ್ಟಿಸೋಲ್ ಇಳಿಯದೆ ಮೇಲೆಯೇ ಉಳಿದದ್ದೂ ಕಂಡಿತ್ತು. ರಾತ್ರಿ ಎರಡು ಗಂಟೆಯಲ್ಲಿ ದೇಹಕ್ಕೆ ಸಕ್ಕರೆಯನ್ನು ಸಂಭಾಳಿಸುವ ಸಾಮರ್ಥ್ಯ ಹಗಲಿಗಿಂತ ಕಡಿಮೆ. ಆ ಹೊತ್ತಿನಲ್ಲಿ ಸಕ್ಕರೆ ಹಾಕಿದ ಚಹಾದ ಜೊತೆ ಗೋಳಿಬಜೆಯನ್ನೋ ಬನ್ಸನ್ನೋ ತಿನ್ನುವ ಅಭ್ಯಾಸವನ್ನು ಬಿಡಲು ಸಾಧ್ಯವಾದರೆ ಬಿಡಿ. ಊಟವನ್ನು ಆಟಕ್ಕೆ ಮೊದಲೇ ಮುಗಿಸಿ, ನಡುವೆ ಹಸಿವಾದರೆ ಮಜ್ಜಿಗೆಯೋ ಹುರಿಗಡಲೆಯೋ ಸಾಕು. ಬೊಜ್ಜು ಹೆಚ್ಚಿದಷ್ಟೂ ಟೆಸ್ಟೋಸ್ಟಿರೋನ್ ಇಳಿಯುತ್ತದೆ ಎಂಬುದರಿಂದ ಇದು ನಿಮ್ಮ ಮೂಲ ಪ್ರಶ್ನೆಗೂ ಸಂಬಂಧಿಸಿದ್ದೇ.

ನಿಮ್ಮ 258ರ ವಿಚಾರಕ್ಕೆ ಬರೋಣ. ಬೊಜ್ಜಿಲ್ಲದ, 19ರಿಂದ 39 ವರ್ಷದ ಆರೋಗ್ಯವಂತ ಪುರುಷರಲ್ಲಿ ಒಟ್ಟು ಟೆಸ್ಟೋಸ್ಟಿರೋನ್ ಪ್ರತಿ ಡೆಸಿಲೀಟರಿಗೆ 264ರಿಂದ 916 ನ್ಯಾನೊಗ್ರಾಂ ಇರುತ್ತದೆ ಎಂದು ಒಪ್ಪಿಕೊಳ್ಳಲಾಗಿದೆ. ಆದರೆ ಈ ಮಿತಿಗಳು ಬೆಳಗಿನ ರಕ್ತಕ್ಕೆ ಸಂಬಂಧಿಸಿದವು, ಅಂದರೆ ರಾತ್ರಿ ಮಲಗಿ ಎದ್ದವರ ರಕ್ತಕ್ಕೆ. ಮೂವತ್ತರಿಂದ ನಲವತ್ತರೊಳಗಿನವರಲ್ಲಿ ಬೆಳಿಗ್ಗೆ ಎಂಟರ ಮಟ್ಟಕ್ಕಿಂತ ಸಂಜೆ ನಾಲ್ಕರ ಮಟ್ಟ ಶೇ. 20ರಿಂದ 25ರಷ್ಟು ಕಡಿಮೆಯಿರುತ್ತದೆ. ಊಟ ಮಾಡಿ, ಅದರಲ್ಲೂ ಸಕ್ಕರೆ ಸೇವಿಸಿ ರಕ್ತ ಕೊಟ್ಟರೂ ಅದು ಇಳಿದು ಕಾಣುತ್ತದೆ. ಮೇಲಾಗಿ, ಮೊದಲ ಪರೀಕ್ಷೆಯಲ್ಲಿ ಕಡಿಮೆ ಕಂಡವರಲ್ಲಿ ಶೇ. 30ರಷ್ಟು ಮಂದಿಗೆ ಎರಡನೆಯ ಬಾರಿ ಸಹಜ ಮಟ್ಟವೇ ಬರಬಹುದು. ಒಂದು ಸಂಜೆಯ ಒಂದು ಸಂಖ್ಯೆಯ ಮೇಲೆ ಜೀವನಪರ್ಯಂತದ ಚಿಕಿತ್ಸೆಯನ್ನು ಶುರುಮಾಡಬಾರದು ಎಂದು ನಾನು ಇಷ್ಟು ಒತ್ತಿ ಹೇಳುವುದು ಈ ಕಾರಣಗಳಿಗಾಗಿ.

ಮತ್ತೆ ಪರೀಕ್ಷೆ ಮಾಡಿಸುವುದಕ್ಕೆ ಒಳ್ಳೆಯ ಕಾಲ ಪತ್ತನಾಜೆ ಕಳೆದ ಮೇಲೆ. ಮಳೆಗಾಲದಲ್ಲಿ ಮನೆಯಲ್ಲಿದ್ದು ರಾತ್ರಿ ಏಳೆಂಟು ಗಂಟೆ ಮಲಗುವ ಕ್ರಮಕ್ಕೆ ಮರಳಿ ಮೂರು ನಾಲ್ಕು ವಾರವಾಗಲಿ. ಬಳಿಕ ಬೆಳಿಗ್ಗೆ ಏಳರಿಂದ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆಬೇರೆ ಎರಡು ದಿನ ರಕ್ತ ಕೊಡಿ. ಜ್ವರವೋ ಬೇರೆ ಕಾಯಿಲೆಯೋ ಇರುವಾಗ ಬೇಡ. ಎರಡು ಬಾರಿಯೂ ಕಡಿಮೆ ಬಂದರೆ ಮಾತ್ರ ಎಲ್‌ಎಚ್, ವೃಷಣಗಳಿಗೆ ಪಿಟ್ಯುಟರಿ ಕಳಿಸುವ ಇನ್ನೊಂದು ಆಜ್ಞೆಯಾದ ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ನೋಡಿ, ಕೊರತೆ ವೃಷಣದಲ್ಲಿದೆಯೋ ಪಿಟ್ಯುಟರಿಯಲ್ಲಿದೆಯೋ ಎಂದು ಹುಡುಕಬೇಕಾಗುತ್ತದೆ. ಅಷ್ಟು ಕಾಯಲಾಗದೆ ತಿರುಗಾಟದ ನಡುವೆಯೇ ಮಾಡಿಸಬೇಕೆಂದಿದ್ದರೆ, ಗೋಡೆಯ ಗಡಿಯಾರ ನೋಡಬೇಡಿ; ನಿಮ್ಮ ಮುಖ್ಯ ನಿದ್ದೆ ಮುಗಿಸಿ ಎದ್ದ ಎರಡು ಮೂರು ಗಂಟೆಯೊಳಗೆ, ಊಟಕ್ಕೆ ಮೊದಲು ರಕ್ತ ಕೊಡಿ ಎಂಬುದು ನಾನು ಪಾಳಿ ಕೆಲಸದವರಿಗೆಲ್ಲ ಹೇಳುವ ಮಾತು.

ಇಂಜೆಕ್ಷನ್ ಯಾಕೆ ಬೇಡ? ಹೊರಗಿನಿಂದ ಟೆಸ್ಟೋಸ್ಟಿರೋನ್ ಬಂದ ಕೂಡಲೇ ಪಿಟ್ಯುಟರಿ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ಆಜ್ಞೆ ನಿಂತರೆ ವೃಷಣದೊಳಗೆ ಅದರದೇ ಟೆಸ್ಟೋಸ್ಟಿರೋನ್ ತಯಾರಾಗುವುದಿಲ್ಲ, ವೀರ್ಯಾಣುಗಳೂ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕ ವಿಧಾನವಾಗಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಚುಚ್ಚುಮದ್ದು ಪಡೆದ 271 ಆರೋಗ್ಯವಂತ ಪುರುಷರಲ್ಲಿ 157 ಮಂದಿಯ ವೀರ್ಯದಲ್ಲಿ ಆರು ತಿಂಗಳೊಳಗೆ ವೀರ್ಯಾಣುಗಳೇ ಇಲ್ಲವಾದವು. ಮಗುವಿಗಾಗಿ ಮೂರು ವರ್ಷದಿಂದ ಕಾಯುತ್ತಿರುವ ನಿಮಗೆ ಯಾರಾದರೂ ಇದನ್ನು ಶಕ್ತಿಮದ್ದೆಂದು ಕೊಟ್ಟರೆ ಫಲ ಏನಾಗಬಹುದೆಂದು ಯೋಚಿಸಿ. ನಿಲ್ಲಿಸಿದ ಮೇಲೆ ಬಹುಪಾಲು ಮಂದಿಯಲ್ಲಿ ವೀರ್ಯಾಣುಗಳು ಮರಳಿ ಬರುತ್ತವೆ ನಿಜ, ಆದರೆ ಅದಕ್ಕೆ ಅನೇಕ ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ವ್ಯಾಯಾಮಶಾಲೆಗಳಲ್ಲಿ ಕೈಯಿಂದ ಕೈಗೆ ಸಿಗುವ ಇಂಥ ಚುಚ್ಚುಮದ್ದುಗಳಿಂದ ಬಂಜೆತನಕ್ಕೆ ಸಿಕ್ಕಿ ಬರುವ ಯುವಕರನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೀವು ಈಗ ಮಾಡಬಹುದಾದದ್ದು ಹಗಲಿನ ನಿದ್ದೆಯನ್ನು ಉದ್ದ ಮಾಡುವುದು. ಮನೆಯ ಅತ್ಯಂತ ಕತ್ತಲಿನ ಕೋಣೆಯನ್ನು ಆರಿಸಿ, ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಹಾಕಿ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ, ಅದರಲ್ಲೂ ಶೀಟಿನ ಮಾಡಿನ ಕೆಳಗೆ, ಹಗಲು ಗಾಢ ನಿದ್ದೆ ಬರುವುದು ಕಷ್ಟ. ಬಿಸಿ ಮತ್ತು ಗಾಳಿಯ ತೇವ ಎರಡೂ ಸೇರಿದಾಗ ಗಾಢ ನಿದ್ದೆಯೂ ಕನಸಿನ ನಿದ್ದೆಯೂ ಕಡಿಮೆಯಾಗುತ್ತವೆ, ಅಂದರೆ ಬೆಳವಣಿಗೆಯ ಹಾರ್ಮೋನಿಗೂ ಟೆಸ್ಟೋಸ್ಟಿರೋನಿಗೂ ಬೇಕಾದ ಎರಡೂ ಹಂತಗಳಿಗೆ ಪೆಟ್ಟು ಬೀಳುತ್ತದೆ. ಮಲಗುವ ಮೊದಲು ಸ್ನಾನ ಮಾಡಿ, ನೆಲದ ಮೇಲೆ ಫ್ಯಾನಿನ ಗಾಳಿಗೆ ಮಲಗುವುದು ನಮ್ಮ ಹಿರಿಯರು ಮಾಡುತ್ತಿದ್ದದ್ದೇ, ಅದು ಸರಿಯೂ ಹೌದು. ಕೊನೆಯ ಚಹಾ ರಾತ್ರಿ ಎರಡು ಗಂಟೆಯೊಳಗೆ ಮುಗಿಯಲಿ. ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಜಾವ ಐದರ ಚಹಾ ನಿಮ್ಮ ಬೆಳಗಿನ ನಿದ್ದೆಯನ್ನೇ ತಿನ್ನುತ್ತದೆ. ನಿದ್ದೆ ಬರಲೆಂದು ಮದ್ಯ ಕುಡಿಯುವವರಿದ್ದಾರೆ. ಅದು ಮೊದಲ ಗಂಟೆಗಳಲ್ಲಿ ಕನಸಿನ ಹಂತವನ್ನು ಅಡಗಿಸಿ, ಆಮೇಲೆ ನಿದ್ದೆಯನ್ನು ಕಡಿಯುತ್ತದೆ.

ಹನ್ನೆರಡಕ್ಕೆ ಎಚ್ಚರವಾದರೆ ಎದ್ದು ಊಟ ಮಾಡಿ, ಮೂರರ ಹೊತ್ತಿಗೆ ಇನ್ನೊಮ್ಮೆ ಒಂದೂವರೆ ಎರಡು ಗಂಟೆ ಮಲಗಿ. ಮಧ್ಯಾಹ್ನದ ಆ ಹೊತ್ತಿನಲ್ಲಿ ಗಡಿಯಾರವೂ ಸ್ವಲ್ಪ ಸಡಿಲವಾಗುವುದರಿಂದ ನಿದ್ದೆ ಹತ್ತುತ್ತದೆ. ಎರಡು ತುಂಡಾದರೂ ದಿನಕ್ಕೆ ಒಟ್ಟು ಆರೂವರೆ ಏಳು ಗಂಟೆ ಆಗಬೇಕು, ಮೊದಲ ತುಂಡು ಪ್ರತಿದಿನ ಒಂದೇ ಹೊತ್ತಿಗೆ ಇರಬೇಕು. ಪೂರ್ವರಂಗದ ಹೊತ್ತಿಗೆ ನಿಮ್ಮ ಸರದಿ ಇಲ್ಲದ ದಿನ ಚೌಕಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಅರ್ಧ ಗಂಟೆ ಮಲಗಿದರೂ ನಡುರಾತ್ರಿಯ ಮಂಪರು ಕಡಿಮೆಯಾಗುತ್ತದೆ. ಆಟ ಮುಗಿದ ಕೂಡಲೇ ಬೈಕ್ ಹತ್ತಬೇಡಿ ಎಂಬುದನ್ನು ವೈದ್ಯನಾಗಿ ಮಾತ್ರವಲ್ಲ, ಈ ಜಿಲ್ಲೆಯ ಒಬ್ಬ ಪ್ರೇಕ್ಷಕನಾಗಿಯೂ ಕೇಳಿಕೊಳ್ಳುತ್ತೇನೆ. ಬೆಳಗಿನ ಆ ಹೊತ್ತಿನಲ್ಲಿ ಅರೆಕ್ಷಣದ ಜೋಂಪು ಬಂದದ್ದೇ ಗೊತ್ತಾಗುವುದಿಲ್ಲ.

ಇನ್ನೆರಡು ವಿಚಾರಗಳನ್ನು ನಿಮ್ಮ ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ನೀವು ಗೊರಕೆ ಹೊಡೆಯುತ್ತೀರಾ, ನಿದ್ದೆಯಲ್ಲಿ ಉಸಿರು ಕಟ್ಟಿ ಎಚ್ಚೆತ್ತದ್ದನ್ನು ಮನೆಯವರು ಗಮನಿಸಿದ್ದಾರೆಯೇ ಎಂದು ಅವರನ್ನೇ ಕೇಳಿ. ಹಾಗಿದ್ದರೆ ಎಷ್ಟು ಗಂಟೆ ಮಲಗಿದರೂ ನಿದ್ದೆ ತುಂಡುತುಂಡಾಗಿ ಟೆಸ್ಟೋಸ್ಟಿರೋನ್ ಸರಿಯಾಗಿ ಏರದಿರಬಹುದು. ನಿದ್ದೆಯ ಪೂರ್ಣ ಪರೀಕ್ಷೆಗೆ ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ವ್ಯವಸ್ಥೆಯಿದೆ. ಇನ್ನೊಂದು, ನಿದ್ದೆಯಿಂದ ಏಳುವಾಗ ಸಹಜವಾದ ನಿಮಿರುವಿಕೆ ಇರುತ್ತದೆಯೇ ಎಂಬುದು. ಅದು ಕನಸಿನ ಹಂತದ ಜೊತೆ ಬರುವಂಥದ್ದು. ವಾರದಲ್ಲಿ ಕೆಲವು ದಿನವಾದರೂ ಕಾಣಿಸುತ್ತಿದ್ದರೆ ನರ, ರಕ್ತನಾಳ, ಹಾರ್ಮೋನುಗಳ ಕೆಲಸ ಬಹುಮಟ್ಟಿಗೆ ಸರಿಯಿದೆ ಎಂದರ್ಥ, ಕುಗ್ಗಿದ ಆಸಕ್ತಿಗೆ ದಣಿವೇ ಕಾರಣವಾಗಿರಬಹುದು. ಅದು ತಿಂಗಳುಗಳಿಂದ ಇಲ್ಲವಾಗಿದ್ದರೆ, ಅಥವಾ ಗಡ್ಡಮೀಸೆಯ ಬೆಳವಣಿಗೆ ಕುಗ್ಗಿದ್ದರೆ, ಎದೆಯ ಭಾಗ ಊದಿಕೊಂಡಿದ್ದರೆ, ತಲೆನೋವಿನ ಜೊತೆ ದೃಷ್ಟಿ ಮಂದವಾಗಿದ್ದರೆ ಪತ್ತನಾಜೆಯವರೆಗೆ ಕಾಯಬೇಡಿ.

ಮಗುವಿನ ವಿಷಯದಲ್ಲಿ ಟೆಸ್ಟೋಸ್ಟಿರೋನ್ ಸಂಖ್ಯೆಗಿಂತ ಮೊದಲು ಬೇಕಾದದ್ದು ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ವೀರ್ಯಸ್ಖಲನವಿಲ್ಲದೆ ಇದ್ದು ಮಾದರಿ ಕೊಡಿ, ಕಡಿಮೆ ಬಂದರೆ ಮತ್ತೊಮ್ಮೆ ಮಾಡಿಸಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಹಿಡಿಯುವುದರಿಂದ, ತಿರುಗಾಟದ ಕೊನೆಯ ದಿನಗಳ ದಣಿವು ಪತ್ತನಾಜೆ ಕಳೆದ ಮೇಲಿನ ಮೊದಲ ಮಾದರಿಗಳಲ್ಲೂ ಕಾಣಬಹುದು. ಆಗಸ್ಟಿನ ನಂತರದ ಮಾದರಿ ನಿಮ್ಮ ನಿಜವಾದ ಸ್ಥಿತಿಯನ್ನು ತೋರಿಸುತ್ತದೆ. ಮಡದಿಯವರ ತಪಾಸಣೆಯೂ ಇದರ ಜೊತೆಗೇ ನಡೆಯಲಿ. ಮೂರು ವರ್ಷ ಕಾದಿದ್ದೀರಿ, ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು ಎಂದು ಮತ್ತೆ ವರ್ಷ ಕಳೆಯಬೇಡಿ. ವೈದ್ಯರ ಬಳಿ ಹೋಗುವಾಗ ಎರಡು ವಾರ ನೀವು ಮಲಗಿದ, ಎದ್ದ ಸಮಯಗಳನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಲ್ಯಾಬಿನಲ್ಲಿ ರಕ್ತ ಕೊಡುವಾಗಲೂ ಹಿಂದಿನ ನಿದ್ದೆ ಎಷ್ಟು ಗಂಟೆಗೆ ಮುಗಿಯಿತೆಂಬುದನ್ನು ಚೀಟಿಯ ಮೇಲೆ ಬರೆಸಿ. ಅದಿಲ್ಲದೆ ನಿಮ್ಮ ವರದಿಯನ್ನು ಸರಿಯಾಗಿ ಓದಲು ಯಾವ ವೈದ್ಯರಿಗೂ ಆಗುವುದಿಲ್ಲ.